ವರ್ಗ ಮಂಜೂರಾಗಿದೆ

ಲಕ್ಷ್ಮೇಶ್ವರ
ತಾ. 14-6-1954

ಚಿ. ಪ್ರಲ್ಹಾದನಿಗೆ ಶ್ರೀಪಾದ ಮಾಸ್ತರನ ಆಶೀರ್ವಾದ, ಅದರ ಹಿಂದೆಯೇ ಬೈಗುಳ.

ನೀನು ಮುಂಬಯಿ ಮುಟ್ಟಿದ ಸುದ್ದಿ ನಿನ್ನ ಕಾಗದದಿಂದ ಬರಲಿಲ್ಲ, ಸೀರೆ ವ್ಯಾಪಾರಿ ಕುತುಬುದ್ದೀನನ ಬಾಯಿಂದ ಬಂತು. ದಾದರ ಸ್ಟೇಶನ್ನಿನಲ್ಲಿ ಟ್ರಂಕು ತಲೆಯ ಮೇಲೆ ಹೊತ್ತು, ನಾನು ಕೊಟ್ಟ ಕಟ್ಟನ್ನು ಕಂಕುಳಲ್ಲಿ ಅವಚಿಕೊಂಡು ನಿಂತಿದ್ದೆಯಂತೆ. ಟ್ರಂಕು ಕಳೆದರೆ ಕಳೆಯಲಿ. ಕಟ್ಟು ಜೋಪಾನ.

ಗ್ರಂಥಾಲಯ ಶಿಕ್ಷಣಕ್ಕೆ ಈ ವಾಚನಾಲಯದಿಂದ ಒಬ್ಬರನ್ನು ಕಳಿಸಿರೆಂದು ಸರಕಾರದ ಕಾಗದ ಬಂದಾಗ ಊರ ಹಿರಿಯರೆಲ್ಲ ತಮ್ಮ ತಮ್ಮ ಮಕ್ಕಳನ್ನು ಮುಂದೆ ತಳ್ಳಿದರು. ನಾನು ಬೆಟಗೇರಿಯಿಂದ ಬಂದು ಇಲ್ಲಿ ನೆಲೆಸಿ ತೀರಿಹೋದ ನೇಕಾರ ಅಂದಪ್ಪನ ಮಗನ ಹೆಸರು ಬರೆದೆ. ನೀನು ಜಾಣ ಅಂತಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ಒಯ್ದು ಮುಟ್ಟಿಸುವವನು ಈ ಊರಲ್ಲಿ ನೀನೊಬ್ಬನೇ.

ಆ ಕಟ್ಟಿನಲ್ಲಿ ಇರುವುದು ಪುಸ್ತಕಗಳನ್ನು ವಿಂಗಡಿಸುವ ನನ್ನ ಪದ್ಧತಿ ಎಂಬುದು ನಿನಗೆ ತಿಳಿದದ್ದೇ, ಆದರೂ ಇನ್ನೊಮ್ಮೆ ಬರೆಯುತ್ತೇನೆ. ನಿನ್ನ ಪ್ರೊಫೆಸರರ ಮುಂದೆ ತೊದಲಬೇಡ. ಪುಸ್ತಕವನ್ನೆಲ್ಲ ಹತ್ತು ಅಂಕಿಗೆ ಹಂಚುವ ಇಂಗ್ಲಿಷರ ಲೆಕ್ಕದಲ್ಲಿ ನಮ್ಮ ಪುಸ್ತಕ ಕೂಡ್ರುವುದಿಲ್ಲ. ವಚನವನ್ನು ಧರ್ಮದಲ್ಲಿ ಇಡಬೇಕೋ ಕಾವ್ಯದಲ್ಲಿ ಇಡಬೇಕೋ, ಅವರಿಗೆ ಗೊತ್ತಿಲ್ಲ. ನಮ್ಮ ಅಕ್ಷರಮಾಲೆಯಲ್ಲಿ ಐದು ವರ್ಗ ದೇವರೇ ಮಾಡಿಟ್ಟಿದ್ದಾನೆ. ಕ ವರ್ಗದಲ್ಲಿ ಕಾವ್ಯ, ಕಥೆ. ಚ ವರ್ಗದಲ್ಲಿ ಚರಿತ್ರೆ. ಟ ವರ್ಗದಲ್ಲಿ ಟೀಕೆ, ವ್ಯಾಕರಣ. ತ ವರ್ಗದಲ್ಲಿ ತತ್ವ, ಧರ್ಮ. ಪ ವರ್ಗದಲ್ಲಿ ಪ್ರಪಂಚದ ಉಳಿದ ಕೆಲಸ, ಅಂದರೆ ಒಕ್ಕಲುತನ, ವೈದ್ಯ, ನಿಮ್ಮ ನೇಕಾರಿಕೆ. ಒಂದೊಂದು ವರ್ಗಕ್ಕೆ ಐದೈದು ಅಕ್ಷರ, ಒಂದೊಂದು ಅಕ್ಷರಕ್ಕೆ ಒಂದು ಕಪಾಟು. ಸಂಸ್ಥಾನದ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ಸಂಜೆ ಸಂಜೆ ವಾಚನಾಲಯದಲ್ಲಿ ಕೂತು ಇದನ್ನು ಕಟ್ಟಿದೆ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು, ನನ್ನನ್ನು ಶಾಲೆಯಿಂದ ತೆಗೆದು ವಾಚನಾಲಯಕ್ಕೇ ಹಾಕಿದ ಮೇಲೆ ಇದಕ್ಕಾಗಿಯೇ ಬದುಕಿದ್ದೇನೆ. ಹೆಂಡತಿ ಜಾನಕೀಬಾಯಿ ಸಾಯುವಾಗ 'ನಿಮ್ಮ ವರ್ಗ ಮುಗೀತೇನ್ರಿ' ಅಂತಲೇ ಕೇಳಿ ಕಣ್ಣು ಮುಚ್ಚಿದಳು. ತಿಳಿದವನೊಬ್ಬ ಇದನ್ನು ನೋಡಿ 'ಸರಿ ಇದೆ' ಅನ್ನಬೇಕು. ನಾಳೆ ಕರ್ನಾಟಕ ಒಂದಾದ ದಿನ ಎಲ್ಲಾ ವಾಚನಾಲಯಕ್ಕೂ ಇದೇ ಬರಬೇಕು. ನನಗೆ ಬೇರೆ ಆಸೆ ಇಲ್ಲ.

ಙ ಅಕ್ಷರದ ಕಪಾಟಿನ ಕಥೆಯನ್ನು ಅವರಿಗೆ ತಪ್ಪದೆ ಹೇಳು. ನಲವತ್ತೆರಡರ ಚಳವಳಿಯಲ್ಲಿ ಫೌಜದಾರ ಬಂದು 'ಇದರಾಗ ಏನೈತ್ರಿ ಮಾಸ್ತರ' ಅಂದ. 'ಙ ಐತ್ರಿ' ಅಂದೆ. 'ಹಂಗಂದ್ರ?' 'ಙ ದಿಂದ ಸುರು ಆಗೂ ಒಂದ ಶಬ್ದ ಹೇಳ್ರಿ, ಬಾಗಲಾ ತಗೀತೀನಿ' ಅಂದೆ. ಮೀಸೆ ತಿರುವುತ್ತ ಹೋದ. ಒಳಗೆ ಇದ್ದದ್ದು ಸರಕಾರ ನಿಷೇಧಿಸಿದ ಕರಪತ್ರಗಳು. ಯಾವ ಶಬ್ದವೂ ಹುಟ್ಟದ ಅಕ್ಷರದಲ್ಲಿ ಸ್ವಾತಂತ್ರ್ಯ ಅಡಗಿ ಕೂತಿತ್ತು.

ಶಾಲೆಯಲ್ಲಿ ನಿನಗೂ ಅದೇ ಹೆಸರು ಇಟ್ಟಿದ್ದೆನಲ್ಲ, ನೆನಪಿದೆಯೇ? 'ಙ ಇದ್ದಂಗ ಅದಿ ಲೇ ನೀ, ನಿನ್ನಿಂದ ಏನೂ ಸುರು ಆಗೂದಿಲ್ಲ.' ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತ್ತು. ಈಗ ಸುರು ಮಾಡಿ ತೋರಿಸು.

ಶ್ರೀಪಾದ ಸೂರಣಗಿ


ಮುಂಬಯಿ
ತಾ. 5-7-1954

ಪೂಜ್ಯ ಮಾಸ್ತರರ ಪಾದಗಳಿಗೆ ಪ್ರಲ್ಹಾದನ ನಮಸ್ಕಾರ.

ಕಾಗದ ತಡವಾಯಿತು, ಕ್ಷಮೆ ಇರಲಿ. ಕಟ್ಟು ಜೋಪ್ಪಾನವಾಗಿದೆ. ನಮ್ಮ ವರ್ಗ ಸಂಜೆಗೆ ನಡೆಯುತ್ತದೆ, ಒಂದು ಹೈಸ್ಕೂಲಿನ ಮಾಳಿಗೆಯ ಮೇಲೆ. ಗ್ರಂಥಾಲಯ ಶಿಕ್ಷಣದ ವರ್ಗಕ್ಕೆ ಗ್ರಂಥಾಲಯವೇ ಇಲ್ಲ. ಅಭ್ಯಾಸಕ್ಕೆಂದು ಒಂದು ಪೆಟ್ಟಿಗೆಯಲ್ಲಿ ಇಂಗ್ಲಿಷ್ ಪುಸ್ತಕಗಳಿವೆ. ಪ್ರತಿ ವರ್ಷ ಅವೇ ಪುಸ್ತಕ, ಅವೇ ಅಂಕಿ. ಹೋದ ವರ್ಷದ ಹುಡುಗರು ಉತ್ತರಗಳನ್ನು ಪುಸ್ತಕದ ಒಳಗೇ ಪೆನ್ಸಿಲಿನಿಂದ ಬರೆದು ಹೋಗಿದ್ದಾರೆ. ಪ್ರೊಫೆಸರರು ಹಳದಿಯಾದ ಟಿಪ್ಪಣಿ ಓದುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಹಾಳೆ ತಿರುವುವಾಗ ಒಂದು ಚೂರು ಮುರಿದು ಬಿದ್ದರೆ ಆ ಹೊತ್ತಿನ ಪಾಠದಲ್ಲಿ ಒಂದು ವಾಕ್ಯ ಕಡಿಮೆಯಾಗುತ್ತದೆ.

ಕನ್ನಡ ಪುಸ್ತಕವನ್ನು ಎಲ್ಲಿ ಇಡಬೇಕೆಂದು ಒಮ್ಮೆ ಕೇಳಿದೆ. 'ಇತರ ಭಾಷೆಗಳು' ಎಂದು ಒಂದು ಅಂಕಿ ಹೇಳಿದರು. ಅದರಲ್ಲಿ ಎಲ್ಲವೂ ಹಿಡಿಯುತ್ತವೆಯಂತೆ.

ತಮ್ಮ ವರ್ಗವನ್ನು ಇನ್ನೂ ತೋರಿಸಿಲ್ಲ. ಇಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಾನು ಬಾಯಿ ತೆರೆದರೆ ಪಕ್ಕದವರು ನನ್ನ ಕಡೆ ನೋಡುತ್ತಾರೆ. ಸ್ವಲ್ಪ ದಿನ ಕೊಡಿರಿ.

ಅವ್ವ ಕಾಗದ ಓದಿಸಿಕೊಳ್ಳಲು ತಮ್ಮ ಹತ್ತಿರವೇ ಬರುತ್ತಾಳೆ, ಅವಳಿಗೆ ಬೇರೆ ಯಾರಿದ್ದಾರೆ. ನನಗೆ ಊಟ ಒಗ್ಗಿದೆ ಎಂದು ಹೇಳಿರಿ. ಒಗ್ಗಿಲ್ಲ, ಆದರೂ ಹೇಳಿರಿ. ನೌಕರಿ ಸಿಕ್ಕ ಮೇಲೆ ಅವಳನ್ನು ಮಗ್ಗದಿಂದ ಎಬ್ಬಿಸಿ ನನ್ನ ಹತ್ತಿರ ಕರೆದುಕೊಳ್ಳುತ್ತೇನೆ ಎಂಬುದನ್ನು ದಯವಿಟ್ಟು ಎರಡು ಸಲ ಓದಿರಿ.

ತಮ್ಮ ಶಿಷ್ಯ,
ಪ್ರಲ್ಹಾದ ಅಂದಪ್ಪ


ಲಕ್ಷ್ಮೇಶ್ವರ
ತಾ. 22-7-1954

ಚಿ. ಪ್ರಲ್ಹಾದನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆಗೆ ಮರಳಿ ಕಳಿಸಿದ್ದೇನೆ. 'ಜೋಪಾನ'ಕ್ಕೆ ಒತ್ತಕ್ಷರ ಎಲ್ಲಿಂದ ತಂದಿ? ಇಪ್ಪತ್ತಕ್ಕೆ ಆರು ಅಂಕ ಕೊಟ್ಟಿದ್ದೇನೆ, ಅದೂ ನಿನ್ನ ತಾಯಿಯ ಮುಖ ನೋಡಿ. ವಾಚನಾಲಯದಲ್ಲಿ ನಾಲ್ಕು ಜನ ಕೂಡಿದ್ದಾಗ ಗಟ್ಟಿಯಾಗಿ ಓದಿದೆ. ಹಾಳೆ ಮುರಿದು ವಾಕ್ಯ ಬಿದ್ದ ಮಾತಿಗೆ ಬುಕ್ ಬೈಂಡರ್ ಕರೀಮಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ.

ನಿನ್ನ ತಾಯಿ ಚೌಡವ್ವ ಬಂದಿದ್ದಳು. ಕಟ್ಟೆಯ ಕೆಳಗೆ ನಿಂತೇ ಕೇಳಿಸಿಕೊಂಡಳು, ಮೇಲೆ ಬರುವ ರೂಢಿ ಅವಳಿಗೂ ಇಲ್ಲ, ನಾನೂ ಕರೆಯಲಿಲ್ಲ. 'ಮಗಾ ಪಾಸ್ ಆಗತಾನೇನ್ರಿ ಮಾಸ್ತರ?' ಅಂದಳು. 'ನಿನ ಮಗಾ ಪಾಸ್ ಆದ್ರ ನಮ್ಮೂರ ಸಂತ್ಯಾಗಿನ ನಾಯಿಗೂ ಸರ್ಟಿಫಿಕೇಟ್ ಕೊಡಬೇಕಾಗತೈತಿ ತಗೋ' ಅಂದೆ. ಎಲ್ಲರೂ ನಕ್ಕರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೋಗಿಬಿಟ್ಟಳು. ನಗೆಚಾಟಿಕೆ ತಿಳಿಯದ ಹೆಂಗಸು. ಆ ಗಡಿಬಿಡಿಯಲ್ಲಿ ನೀನು ಎರಡು ಸಲ ಓದು ಅಂದ ಸಾಲನ್ನು ಒಂದು ಸಲವೂ ಓದಲಾಗಲಿಲ್ಲ.

'ಸ್ವಲ್ಪ ದಿನ ಕೊಡಿರಿ' ಅಂದರೇನು? ನಾನು ಐವತ್ತು ದಾಟಿದವನು. ಹಿತ್ತಲ ಗಿಡ ಮದ್ದಲ್ಲ ಎಂಬುದು ಊರವರಿಗೆ ಸರಿ, ನಿನಗಲ್ಲ. ನಿನ್ನ ಹೆಸರು ಬರೆದದ್ದು ಈ ಕೈ, ಹೊಡೆದು ಹಾಕುವುದೂ ಇದೇ ಕೈ. ಬರುವ ಕಾಗದದಲ್ಲಿ ಪ್ರೊಫೆಸರರು ಏನೆಂದರು ಎಂಬುದು ಇರಬೇಕು. ಇಲ್ಲವಾದರೆ ಬರೆಯಲೇಬೇಡ.

ಶ್ರೀಪಾದ ಸೂರಣಗಿ


ಮುಂಬಯಿ
ತಾ. 30-9-1954

ಪೂಜ್ಯ ಮಾಸ್ತರರಿಗೆ ನಮಸ್ಕಾರ.

ತೋರಿಸಿದೆ. ಪ್ರೊಫೆಸರರು ಮೊದಲ ಹಾಳೆಯಿಂದ ಕೊನೆಯವರೆಗೆ ತಿರುವಿದರು. 'ಇಂಥದ್ದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ' ಎಂದರು. ಆ ದಿನ ಬೇರೆ ಪಾಠವೇ ಆಗಲಿಲ್ಲ, ತಾಸು ಹೊತ್ತು ಇಡೀ ವರ್ಗ ಅದನ್ನೇ ಹಿಡಿದು ಕೂತಿತ್ತು. ಙ ಅಕ್ಷರದ ಕಪಾಟಿನ ಬಗ್ಗೆ ನನ್ನನ್ನು ಎದ್ದು ನಿಲ್ಲಿಸಿ ಕೇಳಿದರು. ಹಲಗೆಯ ಮೇಲೆ ಬರೆದು ತೋರಿಸು ಎಂದರು, ಬರೆದೆ. ಈಗ ವರ್ಗದಲ್ಲಿ ಎಲ್ಲರೂ ನನ್ನನ್ನು ಆ ಅಕ್ಷರದಿಂದಲೇ ಗುರುತಿಸುತ್ತಾರೆ.

ತಾವು ಕೇಳಿದ್ದನ್ನು ಬರೆದಿದ್ದೇನೆ. ಒಂದು ಮಾತೂ ಸುಳ್ಳಲ್ಲ.

ಪ್ರಲ್ಹಾದ


ಲಕ್ಷ್ಮೇಶ್ವರ
ತಾ. 9-10-1954

ಚಿರಂಜೀವಿ ಪ್ರಲ್ಹಾದನಿಗೆ ಅನೇಕ ಆಶೀರ್ವಾದ.

ಮಗನೇ, ನಿನ್ನ ಕಾಗದವನ್ನು ದೇವರ ಮುಂದಿಟ್ಟು ಆಮೇಲೆ ಓದಿದೆ. ಇಂಥದ್ದನ್ನು ಜನ್ಮದಲ್ಲಿ ಕಂಡಿಲ್ಲ ಅಂದರೇ! ಎಲ್ಲಿಂದ ಕಾಣಬೇಕು, ಯಾರಾದರೂ ಮಾಡಿದ್ದರೆ ತಾನೆ? ನಾನು ಆ ಸಾಲನ್ನು ಬರೆದುಕೊಂಡು ಶಿರಹಟ್ಟಿಗೆ ಹೋಗಿ ಹೈಸ್ಕೂಲಿನವರ ಮುಂದೆ ಓದಿದೆ, ಮುಳಗುಂದದ ಜೈನ ವ್ಯಾಪಾರಿಗಳ ಮುಂದೆ ಓದಿದೆ. ಗದುಗಿನ ನ್ಯಾಯವಾದಿಯೊಬ್ಬರು ಇದನ್ನು ಅಚ್ಚು ಹಾಕಿಸೋಣ ಅಂದಿದ್ದಾರೆ. ನನ್ನ ಬೆನ್ನ ಹಿಂದೆ 'ಅಕ್ಷರದ ಹುಚ್ಚ' ಅನ್ನುತ್ತಿದ್ದವರು ಈಗ ಎದುರಿಗೆ ಬಂದು ಕೈ ಮುಗಿಯುತ್ತಾರೆ.

ಪ್ರೊಫೆಸರರಿಂದ ನಾಲ್ಕು ಸಾಲು ಬರೆಸಿಕೊಂಡು ಕಳಿಸು. ಇಂಗ್ಲಿಷಿನಲ್ಲಿದ್ದರೂ ನಡೆಯುತ್ತದೆ.

'ಙ ಸುದ್ದಾ ಕೆಲಸಕ್ಕ ಬಂತು ನೋಡ್ರಿ' ಅಂತ ಎಲ್ಲರಿಗೂ ಹೇಳುತ್ತಿದ್ದೇನೆ. ನಿನ್ನ ಬಗ್ಗೆ ಹೆಮ್ಮೆಯಿಂದಲೇ ಹೇಳುತ್ತೇನೆ, ತಪ್ಪು ತಿಳಿಯಬೇಡ.

ಶ್ರೀಪಾದ


ಮುಂಬಯಿ
ತಾ. 20-4-1955

ಮಾಸ್ತರರಿಗೆ ನಮಸ್ಕಾರ.

ಪರೀಕ್ಷೆ ಪಾಸಾಯಿತು. ಇಲ್ಲಿಯೇ ಸರಕಾರಿ ಕಚೇರಿಯೊಂದರಲ್ಲಿ ಗ್ರಂಥಾಲಯದ ಕೆಲಸ ಸಿಕ್ಕಿದೆ. ಪ್ರೊಫೆಸರರು ಬರೆದುಕೊಡಲಿಲ್ಲ, ಅವರಿಗೆ ಪುರುಸೊತ್ತಿಲ್ಲ.

ಪಿ. ಎ. ರಾವ್


ಲಕ್ಷ್ಮೇಶ್ವರ
ತಾ. 3-11-1956

ಚಿ. ಪ್ರಲ್ಹಾದನಿಗೆ (ರಾವ್ ಎಂದು ಯಾವಾಗ ಆದಿಯೋ ತಿಳಿಯದು, ನನಗೆ ನೀನು ಪ್ರಲ್ಹಾದನೇ) ಆಶೀರ್ವಾದ.

ಒಂದೂವರೆ ವರ್ಷದಲ್ಲಿ ನಾನು ಬರೆದ ಕಾಗದಗಳಿಗೆ ಒಂದು ಕಾರ್ಡಿನ ಉತ್ತರವೂ ಇಲ್ಲ. ಇರಲಿ. ಮೊನ್ನೆ ಕರ್ನಾಟಕ ಒಂದಾಯಿತು! ಗದುಗಿಗೆ ಹೋಗಿದ್ದೆ. ಜನಸಾಗರ. ಅಳುವುದಿಲ್ಲ ಅಂದುಕೊಂಡು ಹೋದವನು ಬೆಟಗೇರಿಯ ಅಗಸಿ ಬಾಗಿಲಲ್ಲಿ ನಿಂತು ಗಳಗಳ ಅತ್ತೆ. ಹೆಸರು ಮಾತ್ರ ಮೈಸೂರು ಅಂತ ಇಟ್ಟಿದ್ದಾರೆ, ಮದುವೆಯಾದ ಮೇಲೆ ಹೆಣ್ಣಿನ ಮನೆಯ ಹೆಸರು ಅಳಿಸಿದ ಹಾಗೆ. ಹೋಗಲಿ, ಕನ್ನಡದ ಸರಕಾರ ಬಂತಲ್ಲ.

ನಿನ್ನನ್ನು ಬೆಂಗಳೂರಿನ ಕಚೇರಿಗೆ ಹಾಕಿದ್ದಾರೆಂದೂ, ವಾಚನಾಲಯಗಳ ಕಾಗದವೆಲ್ಲ ನಿನ್ನ ಮೇಜಿಗೇ ಬರುತ್ತವೆಂದೂ ಧಾರವಾಡದಿಂದ ತಿಳಿಯಿತು. ದೈವ ಅಂದರೆ ಇದು. ನನ್ನ ಅರ್ಜಿಯನ್ನು ಇದರ ಜೊತೆಗೆ ಕಳಿಸಿದ್ದೇನೆ. ಇನ್ನು ಇಂಗ್ಲಿಷ್ ಯಾಕೆ? ಅಚ್ಚ ಕನ್ನಡದಲ್ಲಿ, ಚಿಕ್ಕದಾಗಿ, ಸ್ಪಷ್ಟವಾಗಿ ಬರೆದಿದ್ದೇನೆ: 'ಲಕ್ಷ್ಮೇಶ್ವರ ವಾಚನಾಲಯದ ಶ್ರೀಪಾದ ಸೂರಣಗಿ ಮಾಡುವ ವಿನಂತಿ. ಬಹಳ ವರ್ಷಗಳಿಂದ ಕಾಯುತ್ತಿದ್ದೇನೆ. ನನ್ನ ವರ್ಗವನ್ನು ದಯಮಾಡಿ ಜಲ್ದಿ ಮಂಜೂರು ಮಾಡಬೇಕು.' ವರ್ಗದ ಪ್ರತಿ ನಿನ್ನ ಹತ್ತಿರ ಇದೆ. ಅದನ್ನು ಅರ್ಜಿಗೆ ನೀನೇ ಜೋಡಿಸು. ಇಷ್ಟು ಮಾಡಿದರೆ ನಿನ್ನ ಗುರುಋಣ ತೀರಿತು.

ಚೌಡವ್ವ ಪ್ರತಿ ಸಂತೆಯ ದಿನ ಬಂದು 'ಕಾಗದಾ ಬಂತೇನ್ರಿ' ಅಂತ ಕೇಳಿ ಹೋಗುತ್ತಾಳೆ. ಕೆಳಗೇ ನಿಂತು ಕೇಳುತ್ತಾಳೆ.

ಶ್ರೀಪಾದ ಸೂರಣಗಿ


ಬೆಂಗಳೂರು
ತಾ. 17-1-1957

ಶ್ರೀ ಶ್ರೀಪಾದ ಸೂರಣಗಿ ಅವರಿಗೆ,

ತಮ್ಮ ಅರ್ಜಿಯಂತೆ ತಮ್ಮ ವರ್ಗ ಮಂಜೂರಾಗಿದೆ. ಆದೇಶ ಹಿಂದಿನಿಂದ ಬರುತ್ತದೆ.

ಪಿ. ಎ. ರಾವ್


ಲಕ್ಷ್ಮೇಶ್ವರ
ತಾ. 24-1-1957

ಚಿರಂಜೀವಿ ಪ್ರಲ್ಹಾದರಾಯರಿಗೆ ಈ ಮುದುಕನ ಸಾವಿರ ಆಶೀರ್ವಾದ.

ನೋಡು, ನಾನೂ ರಾಯರು ಅಂದೆ. ಅನ್ನಿಸಿಕೊಳ್ಳಲು ಯೋಗ್ಯನಾದಿ.

ನಿನ್ನ ಕಾರ್ಡನ್ನು ಅಂಚೆಯವನ ಕೈಯಿಂದ ಕಸಿದುಕೊಂಡು ಓದಿದೆ. ಎರಡೇ ಸಾಲು. ಕಣ್ಣು ತುಂಬಿ ಬಂತು. ಜಾನಕಿಯ ಫೋಟೋದ ಮುಂದೆ ಹೋಗಿ 'ಮುಗೀತು ನೋಡ, ಮಂಜೂರ ಆತು' ಅಂದೆ. ಊರಿಗೆಲ್ಲ ಪೇಢೆ ಹಂಚಿದೆ. ಕರೀಮಸಾಬ ಹಳೆಯ ಮುದ್ರೆಗಳನ್ನೆಲ್ಲ ತಿಕ್ಕಿ ತೊಳೆದ. ಬಾಗಿಲ ಮೇಲೆ 'ಮಂಜೂರಾದ ಪಂಚವರ್ಗ ಪದ್ಧತಿಯ ಪ್ರಥಮ ವಾಚನಾಲಯ' ಎಂದು ಹೊಸ ಬೋರ್ಡು ಬರೆಸಿದ್ದೇನೆ. ನಾಡಿದ್ದು ಗಣರಾಜ್ಯ ದಿನದಂದು ಅದರ ಉದ್ಘಾಟನೆ.

ಇನ್ನೊಂದು ಮಾತು. ಇದನ್ನು ಬರೆಯಲು ನನಗೆ ಕಷ್ಟ, ಆದರೂ ಬರೆಯುತ್ತೇನೆ. ಪೇಢೆ ಹಿಡಿದುಕೊಂಡು ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ಸೋದರಮಾವ ಬೀರಲಿಂಗಪ್ಪ ಹೊರಗೆ ಓಡಿ ಬಂದ, ಮಾಸ್ತರ ಓಣಿ ತಪ್ಪಿ ಬಂದರು ಅಂದುಕೊಂಡ. ಒಳಗೆ ಹೋಗಿ ಚೌಡವ್ವನ ಮಗ್ಗದ ಪಕ್ಕ ಚಾಪೆಯ ಮೇಲೆ ಕೂತೆ. ಅವಳು ಚಹಾ ಮಾಡಿ, ಕೊಡಲೋ ಬೇಡವೋ ಅಂತ ಬಟ್ಟಲು ಹಿಡಿದು ನಿಂತಿದ್ದಳು. 'ಕೊಡವಾ' ಅಂತ ಇಸಿದುಕೊಂಡು ಕುಡಿದೆ. ನನ್ನ ಕುಲದಲ್ಲಿ ಯಾರೂ ಹಾಗೆ ಕುಡಿದಿರಲಿಲ್ಲ. 'ಆವತ್ತ ನಾಯಿ ಮಾತ ಆಡಿದ್ದೆ, ನಾಲಿಗಿ ಸುಟ್ಟಿತು ನಂದು' ಅಂದೆ. ಅವಳು 'ಹೋಗ್ಲಿ ಬಿಡ್ರಿ ಮಾಸ್ತರ, ನೀವ ಬೈದದ್ದಕ್ಕನ ಮಗಾ ದೊಡ್ಡಾಂವ ಆದ' ಅಂದಳು. ಇನ್ನು ಮೇಲೆ ಕಟ್ಟೆ ಹತ್ತಿ ಬಂದು ನನ್ನ ಕುರ್ಚಿಯ ಮೇಲೆ ಕೂತು ಕಾಗದ ಕೇಳಬೇಕು ಅಂತ ಅವಳಿಗೆ ತಾಕೀತು ಮಾಡಿ ಬಂದಿದ್ದೇನೆ.

ನಿನಗೆ ಇಟ್ಟ ಆ ಹೆಸರನ್ನು ಹಿಂದೆ ತೆಗೆದುಕೊಂಡೆ. ನಿನ್ನಿಂದಲೇ ಎಲ್ಲಾ ಸುರು ಆಯಿತು.

ನಿನ್ನ ಶ್ರೀಪಾದ ಮಾಸ್ತರ


ಬೆಂಗಳೂರು
ತಾ. 8-2-1957

ಶ್ರೀ ಶ್ರೀಪಾದ ಸೂರಣಗಿ ಅವರಿಗೆ,

ತಮ್ಮ ಕಾಗದವನ್ನು ತಿದ್ದಿ ಇದರ ಜೊತೆಗೆ ಮರಳಿಸಿದ್ದೇನೆ. 'ವರ್ಗ' ಎಂದು ಬಂದಲ್ಲೆಲ್ಲ ಕೆಂಪು ಗೆರೆ ಎಳೆದಿದ್ದೇನೆ. ಅಂಕ ಕೊಟ್ಟಿಲ್ಲ.

ನಮ್ಮ ಕಡೆ 'ಬದಲಿ' ಅನ್ನುತ್ತಾರೆ, ಒಂದು ಊರಿನಿಂದ ಇನ್ನೊಂದು ಊರಿಗೆ ನೌಕರನನ್ನು ಹಾಕುವುದಕ್ಕೆ. ಮೈಸೂರಿನ ಕಡೆ ಅದಕ್ಕೆ 'ವರ್ಗ' ಅನ್ನುತ್ತಾರೆ. ಇದು ಕನ್ನಡದ ಸರಕಾರ, ಆದರೆ ಇಲ್ಲಿಯ ಗುಮಾಸ್ತರು ಮೈಸೂರಿನವರು. 'ಬಹಳ ವರ್ಷಗಳಿಂದ ಕಾಯುತ್ತಿದ್ದೇನೆ, ನನ್ನ ವರ್ಗವನ್ನು ಜಲ್ದಿ ಮಂಜೂರು ಮಾಡಬೇಕು' ಎಂಬುದು ತಮ್ಮದೇ ಕೈಯಕ್ಷರ, ತಮ್ಮದೇ ಅಚ್ಚ ಕನ್ನಡ. ಕೊಟ್ಟದ್ದನ್ನು ಕೊಟ್ಟ ಹಾಗೆ ಅವರಿಗೆ ಮುಟ್ಟಿಸಿದೆ. ಪಾಪ, ಮುದುಕ ಮಾಸ್ತರರು ಒಂದೇ ಊರಲ್ಲಿ ಕೊಳೆತಿದ್ದಾರೆ ಎಂದು ಅವರಿಗೆ ಕನಿಕರ ಬಂತು. ಮುಂಡರಗಿಯ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಮಾಸ್ತರರು ಬೇಕಾಗಿತ್ತು. ಕಾಗದ ಮರಳಿ ನನ್ನ ಮೇಜಿಗೆ ಬಂತು. ಅರ್ಜಿದಾರರ ಮನಸ್ಸಿನಲ್ಲಿದ್ದ ಅರ್ಥ ಬಿಡಿಸಿ ಹೇಳುವುದು ನನ್ನ ಕೆಲಸವಲ್ಲ. ರುಜು ಮಾಡಿದೆ. ಆದೇಶದ ಪ್ರತಿ ಇದರಲ್ಲಿದೆ.

ಅರ್ಜಿಗೆ ಜೋಡಿಸಲು ತಮ್ಮ ಕಟ್ಟು ನನ್ನ ಹತ್ತಿರ ಇಲ್ಲ. ಮುಂಬಯಿಯ ಕೋಣೆಯಲ್ಲಿ ಒಂದು ಕಿಟಕಿ ಬಡಿದುಕೊಳ್ಳುತ್ತಿತ್ತು, ಅದಕ್ಕೆ ಒತ್ತು ಕೊಟ್ಟಿದ್ದೆ. ಬಿಡುವಾಗ ತೆಗೆಯಲು ನೆನಪಾಗಲಿಲ್ಲ.

ಪ್ರೊಫೆಸರರು ಇಂಥದ್ದನ್ನು ಜನ್ಮದಲ್ಲಿ ಕಂಡಿಲ್ಲ ಎಂದದ್ದು ನಗು ತಡೆಯಲಾರದೆ. ಆ ಒಂದು ತಾಸು ಇಡೀ ವರ್ಗ ನಕ್ಕಿತು. ನಾನು ಹಲಗೆಯ ಪಕ್ಕ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದೆ. ತಮ್ಮ ಶಾಲೆಯಲ್ಲಿ ನಿಂತ ಹಾಗೆಯೇ.

ಲಕ್ಷ್ಮೇಶ್ವರದ ವಾಚನಾಲಯಕ್ಕೆ ಶಿಕ್ಷಿತ ಗ್ರಂಥಪಾಲನೊಬ್ಬ ಬರುತ್ತಾನೆ. ಅವನಿಗೆ ಕನ್ನಡ ಓದಲು ಅಷ್ಟಾಗಿ ಬರುವುದಿಲ್ಲ, ಸರ್ಟಿಫಿಕೇಟ್ ಇದೆ. ಕಪಾಟಿನ ಮೇಲಿನ ಅಕ್ಷರಗಳನ್ನು ಅಳಿಸಿ ಅಂಕಿ ಹಾಕುತ್ತಾನೆ. ಹತ್ತು ತಿಂಗಳು ಒಂದೇ ಒಂದು ಕನ್ನಡ ಪುಸ್ತಕ ಮುಟ್ಟದೆ ನಾನು ಶಿಕ್ಷಿತನಾದೆ. ಜೀವಮಾನವೆಲ್ಲ ಮುಟ್ಟಿದ ತಾವು ಅಶಿಕ್ಷಿತರು. ಈ ದೇಶದಲ್ಲಿ ಗ್ರಂಥಾಲಯ ಶಿಕ್ಷಣ ಅಂದರೆ ಇಷ್ಟೇ, ಇದನ್ನು ನನಗೆ ಕೊಡಿಸಿದವರು ತಾವೇ.

ನಮ್ಮ ಮನೆಯಲ್ಲಿ ಚಹಾ ಕುಡಿದದ್ದನ್ನು ದೊಡ್ಡ ತ್ಯಾಗ ಎಂಬಂತೆ ಬರೆದಿದ್ದೀರಿ. ಚಹಾಕ್ಕೆ ಧನ್ಯವಾದ ಹೇಳಬೇಕಾದವರು ಯಾರು?

ಪಿ. ಎ. ರಾವ್


ಮುಂಡರಗಿ
ತಾ. 28-3-1957

ಪ್ರಲ್ಹಾದನಿಗೆ,

ಆಶೀರ್ವಾದ ಬರೆದು ಹೊಡೆದು ಹಾಕಿದ್ದೇನೆ.

ಇಲ್ಲಿ ಒಂದನೆಯ ಇಯತ್ತೆ. ಮುಂಜಾನೆಯಿಂದ ಸಂಜೆಯವರೆಗೆ ಕ ಖ ಗ ಘ ಙ. ಬೆಣ್ಣೆಯಂಥ ಹುಡುಗರು, ಙ ಬಂದ ಕೂಡಲೇ ಮೂಗು ಹಿಡಿದು ನಗುತ್ತಾರೆ. ಲಕ್ಷ್ಮೇಶ್ವರದಲ್ಲಿ ನಿನ್ನ ಶಿಕ್ಷಿತ ಬಂದ ವಾರದಲ್ಲೇ ನನ್ನ ಬೋರ್ಡು ಇಳಿಸಿದ. ಙ ಕಪಾಟಿನ ಕರಪತ್ರಗಳು ಯಾವ ಅಂಕಿಗೂ ಹೊಂದಲಿಲ್ಲವೆಂದು ರದ್ದಿಗೆ ಹಾಕಿದ. ಕರೀಮಸಾಬನಿಗೆ ಅದರಲ್ಲಿ ಕಡಲೆ ಕಟ್ಟಿ ಕೊಟ್ಟರಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀನು ಗೆದ್ದಿ, ಒಪ್ಪಿದೆ. ಶಾಲೆಯಲ್ಲಿ ನಾನು ನಿನ್ನ ಹೊಟ್ಟೆಯಲ್ಲಿ ಇಟ್ಟ ಅಕ್ಷರ ಇಷ್ಟು ವರ್ಷ ಕುದಿಯುತ್ತಿತ್ತು ಎಂಬುದು ನನಗೆ ತಿಳಿಯಲಿಲ್ಲ, ಪಂಡಿತ ಅನ್ನಿಸಿಕೊಂಡವನಿಗೆ.

ಆದರೆ ನಿನ್ನ ಆ ಕಾಗದ ಬಂದ ದಿನದ ಸಂಗತಿ ನಿನಗೆ ತಿಳಿದಿರಬೇಕು.

ಅಂದು ಸಂತೆ. ಚೌಡವ್ವ ನಾನು ಹೇಳಿದ ಹಾಗೆ ಕಟ್ಟೆ ಹತ್ತಿ ಬಂದು ನನ್ನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಂಚೆಯವನು ಲಕೋಟೆ ಕೊಟ್ಟ. 'ನನ ಮಗನ್ದ ಅಲ್ಲೇನ್ರಿ? ಓದ್ರಿ ಮಾಸ್ತರ, ಜೋರಾಗಿ ಓದ್ರಿ' ಅಂದಳು. ಕರೀಮಸಾಬ ಇದ್ದ, ಇನ್ನೂ ನಾಲ್ಕು ಜನ ಇದ್ದರು. ನಾನು ಹಾಳೆ ಬಿಡಿಸಿದೆ. ಮೊದಲ ಸಾಲುಗಳ ಮೇಲೆ ಕಣ್ಣಾಡಿತು. ನಾಚಿಕೆಯಾಯಿತು. ಅಷ್ಟು ಜನರ ಮುಂದೆ, ಅವಳ ಮುಂದೆ, ಅದನ್ನು ಹೇಗೆ ಓದಲಿ? ಇಲ್ಲದ್ದನ್ನು ಓದಿದೆ. 'ಪೂಜ್ಯ ಮಾಸ್ತರರಿಗೆ ಸಾಷ್ಟಾಂಗ ನಮಸ್ಕಾರ' ಅಂತ ಓದಿದೆ.

ಅಷ್ಟರಲ್ಲಿ ಕಣ್ಣು ಕೆಳಗೆ ಓಡಿ, ಕಿಟಕಿಯ ಒತ್ತಿನ ಸಾಲಿಗೆ ಬಂತು. ಅಲ್ಲಿಂದ ಮುಂದೆ ಓದಿದ್ದು ನಾಚಿಕೆಯಿಂದಲ್ಲ, ಸಿಟ್ಟಿನಿಂದ.

ಕುತುಬುದ್ದೀನ ಡಿಸೆಂಬರಿನಲ್ಲಿ ಸೀರೆ ಹೊತ್ತುಕೊಂಡು ಬೆಂಗಳೂರಿಗೆ ಬಂದಾಗ ನಿನ್ನ ಮನೆ ಹುಡುಕಿಕೊಂಡು ಬಂದಿದ್ದ. ನೀನು ಕಚೇರಿಗೆ ಹೋಗಿದ್ದೆ. ನೀನು ಬಾಡಿಗೆಗಿರುವ ಮನೆಯ ಯಜಮಾನರು, ಮಡಿವಂತ ಬ್ರಾಹ್ಮಣರಂತೆ, ಬಾಗಿಲಲ್ಲೇ ನಿಲ್ಲಿಸಿ 'ರಾಯರಿಗೆ ತಂದೆ ತಾಯಿ ಯಾರೂ ಇಲ್ಲ, ನಾವೇ ಎಲ್ಲಾ' ಅಂದರಂತೆ. ಅವರ ಮಗಳನ್ನು ನಿನಗೆ ಕೊಡುವ ಮಾತಾಗಿದೆ, ವೈಶಾಖದಲ್ಲಿ ಮುಹೂರ್ತ. ಕುತುಬುದ್ದೀನ ಒಳ್ಳೆಯವನು, ಏನೂ ಅನ್ನದೆ ತಿರುಗಿ ಬಂದು ನನಗೊಬ್ಬನಿಗೇ ಹೇಳಿದ. ಬದುಕಿರುವ ತಾಯಿಯನ್ನು ನೀನು ಸಾಯಿಸಿಟ್ಟಿದ್ದೀ ಎಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ನನ್ನ ಅರ್ಜಿ ನಿನ್ನ ಮೇಜಿನ ಮೇಲಿತ್ತಲ್ಲ. ನಾನೂ ಅಂಥವನೇ.

ಆದ್ದರಿಂದ ಅಂದು ಮುಂದೆ ಹೀಗೆ ಓದಿದೆ: 'ಅವ್ವಾ, ನನ್ನ ಮದುವೆ ಗೊತ್ತಾಗಿದೆ. ಬೀಗರು ನಿನ್ನನ್ನು ನೋಡಲು ಕಾಯುತ್ತಿದ್ದಾರೆ. ಮಗ್ಗ ಇನ್ನು ಸಾಕು. ಯುಗಾದಿಗೆ ಬಂದುಬಿಡು, ಇನ್ನು ನನ್ನ ಹತ್ತಿರವೇ ಇರು.' ಮೊದಲ ಸಲ ಬರೆದ ಕಾಗದದಲ್ಲಿ ನೀನೇ ಎರಡು ಸಲ ಓದು ಅಂದಿದ್ದ ಮಾತು ಅದು. ಅಂದು ಓದದೆ ಬಿಟ್ಟಿದ್ದೆ. ಈ ಸಲ ಎರಡು ಸಲ ಓದಿದೆ.

ಅವಳು ಎದ್ದು ನನ್ನ ಕಾಲಿಗೆ ಬಿದ್ದಳು. ನಾನು ಹಿಂದೆ ಸರಿಯಲಿಲ್ಲ.

ಮಗ್ಗ ಮಾರಿಬಿಟ್ಟಿದ್ದಾಳೆ, ಬೀರಲಿಂಗಪ್ಪನ ಮನೆಯಲ್ಲಿ ಅವಳಿಗೆ ಇನ್ನು ಜಾಗ ಇಲ್ಲ. ಸೊಸೆಗೆಂದು ತಾನೇ ನೇಯ್ದ ಕೊನೆಯ ಸೀರೆ ಗಂಟಿನಲ್ಲಿದೆ. ಶನಿವಾರ ಸಂಜೆ ನಾನೇ ಇಲ್ಲಿಂದ ಶಿರಹಟ್ಟಿಯ ಮೇಲೆ ಬಸ್ಸು ಹಿಡಿದು ಹೋಗಿ, ಅವಳನ್ನು ಯಲವಿಗಿ ಸ್ಟೇಶನ್ನಿನಲ್ಲಿ ಬೆಂಗಳೂರಿನ ಗಾಡಿಗೆ ಹತ್ತಿಸುತ್ತೇನೆ. ರವಿವಾರ ಮುಂಜಾನೆ ಮುಟ್ಟುತ್ತಾಳೆ, ಯುಗಾದಿಯ ಹಿಂದಿನ ದಿನ. ಈ ಕಾಗದ ಮೊದಲು ಬರುತ್ತದೋ ಅವಳೋ, ಅಂಚೆಯವರು ಬಲ್ಲರು.

ಓದು ಬಾರದವಳು, ದಾರಿ ತಪ್ಪಬಾರದೆಂದು ವಿಳಾಸವನ್ನು ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಿದ್ದೇನೆ. ರಾವ್ ಅಂತ ಬರೆದಿಲ್ಲ. 'ಬೆಟಗೇರಿ ನೇಕಾರ ಅಂದಪ್ಪನ ಮಗ ಪ್ರಲ್ಹಾದನ ತಾಯಿ ಚೌಡವ್ವ' ಅಂತ ಬರೆದು, ಅದರ ಕೆಳಗೆ ನಿನ್ನ ಮನೆಯ ನಂಬರು ಹಾಕಿದ್ದೇನೆ. ಬಾಗಿಲು ತೆರೆದವರ ಕೈಗೆ ಅದನ್ನು ಕೊಡು ಅಂತ ಹೇಳಿದ್ದೇನೆ.

ನೀನು ಶಿಕ್ಷಣ ಪಡೆದವನು. ಅವಳನ್ನು ಯಾವ ವರ್ಗದಲ್ಲಿ ಇಡುತ್ತೀಯೋ ಇಡು.

ಶ್ರೀಪಾದ ಸೂರಣಗಿ